ಅಪ್ಪನ ಕೊನೆಯ ಈಡು

ಹಾಲಿಸ್ ಮಿಲ್ಸ್, ಪೆನ್ಸಿಲ್ವೇನಿಯ
ಸೆಪ್ಟೆಂಬರ್ 12, 2004

ಪ್ರೀತಿಯ ಎಮರಿ ಚಿಕ್ಕಪ್ಪ,

ನಾನು ಮಾರ್ಲಾ, ನಿನ್ನ ಅಣ್ಣ ವರ್ಜಿಲ್‌ನ ಮಗಳು. ಹೀಗೆ ಪರಿಚಯ ಹೇಳಿಕೊಳ್ಳುವಷ್ಟು ಕಾಲವಾಯಿತು ನಿನಗೆ ಕಾಗದ ಬರೆದು. ಫೋನಿನಲ್ಲಿ ಮಾತಾಡೋಣವೆಂದರೆ ಗರಗಸದ ಮಿಲ್ಲು ನಿನ್ನ ಎರಡೂ ಕಿವಿಗಳನ್ನು ನುಂಗಿ ಕೂತಿದೆ. ಅರಿಜೋನದ ಬಿಸಿಲು ನಿನ್ನನ್ನು ಒಣಗಿಸಿ ಹಪ್ಪಳ ಮಾಡಿಲ್ಲ ತಾನೆ?

ಕೋಬರ್ನ್ ಕಣಿವೆಯನ್ನು ಯಾವುದೋ ಕಂಪನಿ ಕೊಂಡಿದೆ. ಬರುವ ಜನವರಿ ಮುಗಿದರೆ ಅಲ್ಲಿ ಬೇಲಿ, ಕಾವಲು. ಅಪ್ಪ ಕೂರುತ್ತಿದ್ದ ಚಪ್ಪಟೆ ಬಂಡೆಯ ಮೇಲೆ ಆಮೇಲೆ ನಮ್ಮವರು ಯಾರೂ ಕೂರುವಂತಿಲ್ಲ. ಅದಕ್ಕೇ ಈ ಸಲ ಕ್ರಿಸ್ಮಸ್ ಮುಗಿದು ಕಲ್ಲಿನ ಕಿಡಿಯಿಂದ ಹಾರುವ ಚಕಮಕಿ ಕೋವಿಯವರ ಬೇಟೆಯ ಕಾಲ ಶುರುವಾದ ದಿನ ನಾನು ಹೋಗಿ ಅಲ್ಲಿ ಕೂರುತ್ತೇನೆ, ಅಪ್ಪನ ಕೋವಿ ಹಿಡಿದುಕೊಂಡು. ನಗಬೇಡ. ಟ್ರೌಟ್ ಮೀನಿನ ಗಾಳಕ್ಕೆ ಗರಿ ಕಟ್ಟಿ ಹೊಟ್ಟೆ ಹೊರೆಯುವವಳಿಗೆ ಬೇಟೆ ಯಾಕೆ ಎಂದು ಊರೆಲ್ಲ ಆಗಲೇ ನಕ್ಕಾಗಿದೆ. ಕೂದಲಿನಷ್ಟು ದಾರವನ್ನು ಗುಂಡುಸೂಜಿ ತಲೆಯಷ್ಟು ಕೊಕ್ಕೆಗೆ ಬಿಗಿಯುವ ಬೆರಳುಗಳಿಗೆ ಒಂದು ಈಡು ತುಂಬುವುದು ಏನು ಮಹಾ?

ಅಮ್ಮ ಒಪ್ಪಿದ್ದಾಳೆ. ಒಲೆಯ ಮೇಲಿನ ಗೋಡೆಯಲ್ಲಿದ್ದ ಆ ಕೋವಿಯನ್ನು ಇಷ್ಟು ವರ್ಷ ಯಾರಿಗೂ ಮುಟ್ಟಲು ಬಿಡದವಳು, ಧೂಳು ಒರೆಸುವುದಕ್ಕೂ ತಾನೇ ಕುರ್ಚಿ ಹತ್ತುತ್ತಿದ್ದವಳು, ಮೊನ್ನೆ ಅದನ್ನು ತಾನೇ ಇಳಿಸಿ ನನ್ನ ಕೈಗಿಟ್ಟಳು.

ಈಗ ಹೇಳು, ಯಾವ ಗುಂಡು ತರಲಿ? ಅಂಗಡಿಯಲ್ಲಿ ಎರಡು ಬಗೆ ಇವೆಯಂತೆ. ಬಟ್ಟೆಯ ತುಂಡಿನಲ್ಲಿ ಸುತ್ತಿ ತುಂಬುವ ದುಂಡು ಸೀಸದ ಗುಂಡು ಒಂದು. ಬಟ್ಟೆಯ ಗೊಡವೆಯೇ ಇಲ್ಲದೆ ನೇರ ಇಳಿಸುವ ಉದ್ದ ಗುಂಡು ಇನ್ನೊಂದು, ತೂಕ ಎರಡರಷ್ಟು. ನನಗಿರುವುದು ಒಂದೇ ಹೆದರಿಕೆ, ಪ್ರಾಣಿಯನ್ನು ಗಾಯಗೊಳಿಸಿ ಕಳೆದುಕೊಳ್ಳುವುದು. ಅಪ್ಪನ ಕೊನೆಯ ಈಡಿನ ಕಥೆ ನೀನೇ ಹೇಳಿದ್ದಲ್ಲವೆ? ನೀನು ಕಣಿವೆಯ ಕೆಳಗಿನಿಂದ ಹತ್ತು ಕವಲಿನ ಕೊಂಬಿನ ಗಂಡು ಜಿಂಕೆಯನ್ನು ಎಬ್ಬಿಸಿ ಅಟ್ಟಿಕೊಂಡು ಬಂದೆ. ಅಪ್ಪ ಹೊಡೆದ, ನಕ್ಕ, ಎದೆ ಹಿಡಿದುಕೊಂಡ. ಜಿಂಕೆ ಲಾರೆಲ್ ಪೊದೆಗೆ ನುಗ್ಗಿದ್ದು ಮತ್ತೆ ಸಿಗಲೇ ಇಲ್ಲ. ಈ ಕಥೆ ಹೇಳದೆ ಅಮ್ಮ ಯಾರಿಗೂ ಕಾಫಿ ಕೊಡುವುದಿಲ್ಲ.

ಇನ್ನೊಂದು ಸಂಗತಿ. ಗುಂಡು ದೂಡುವ ಗಜದ ಕೋಲಿನ ಮೇಲೆ ಅಪ್ಪ ಚಾಕುವಿನಿಂದ ಎರಡು ಗೆರೆ ಕೊರೆದಿದ್ದಾನೆ. ಕೋಲನ್ನು ನಳಿಗೆಯೊಳಗೆ ಬಿಟ್ಟು ನೋಡಿದೆ. ಕೆಳಗಿನ ಗೆರೆ ಸರಿಯಾಗಿ ನಳಿಗೆಯ ಬಾಯಿಗೆ ಬಂದು ನಿಲ್ಲುತ್ತದೆ. ಮೇಲಿನದು ಮೂರು ಬೆರಳಷ್ಟು ಹೊರಗೇ ಉಳಿಯುತ್ತದೆ. ಆ ಮೇಲಿನದು ಯಾತಕ್ಕೆ?

ನಿನ್ನ,
ಮಾರ್ಲಾ


ಡ್ರೈ ವೆಲ್ಸ್, ಅರಿಜೋನ
ಸೆಪ್ಟೆಂಬರ್ 21, 2004

ಪುಟ್ಟೀ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ನಾನಿಲ್ಲಿ ಟ್ರೇಲರ್ ಮನೆಯಲ್ಲಿ ಒಬ್ಬನೇ, ಪಕ್ಕದಲ್ಲಿ ಕನ್ಸುಯೆಲೊ ಎಂಬ ಹೆಂಗಸು. ಅವಳು ನನಗೆ ಬೇಳೆಕಾಳಿನ ಸಾರು ತಂದುಕೊಟ್ಟು ಏನೋ ಬೈದು ಹೋಗುತ್ತಾಳೆ. ಕಿವಿ ಕೇಳಿಸದ್ದರಿಂದ ನಾವಿಬ್ಬರೂ ಸುಖವಾಗಿದ್ದೇವೆ.

ದುಂಡು ಗುಂಡು. ಎರಡನೆಯ ಮಾತೇ ಇಲ್ಲ. ಆ ನಳಿಗೆಯ ಒಳಗಿನ ಸುರುಳಿ ಗೆರೆ ಬಹಳ ನಿಧಾನಕ್ಕೆ ತಿರುಗುತ್ತದೆ, ಈ ತುದಿಯಿಂದ ಆ ತುದಿಗೆ ಹೋದರೂ ಒಂದು ಸುತ್ತು ಪೂರ್ತಿಯಾಗುವುದಿಲ್ಲ. ನಿಮ್ಮ ತಾತ ಅದನ್ನು ದುಂಡು ಗುಂಡಿಗೆಂದೇ ಕೊರೆಸಿದ್ದು. ಉದ್ದ ಗುಂಡಿಗೆ ಬೇಗ ತಿರುಗುವ ಹೊಸ ಕಾಲದ ನಳಿಗೆ ಬೇಕು. ಇದರಲ್ಲಿ ತುಂಬಿದರೆ ಅದು ಕುಡಿದವನ ಹಾಗೆ ತೂರಾಡಿಕೊಂಡು ಹೋಗುತ್ತದೆ. ಅಂಗಡಿಯವನು ಏನೇ ಹೇಳಲಿ, ಅವನಿಗೆ ಬೇಕಾದ್ದು ಸರಕು ಖಾಲಿಯಾಗುವುದು.

ಸುತ್ತುವುದಕ್ಕೆ ದಿಂಬಿನ ಚೀಲದ ದಪ್ಪ ಬಟ್ಟೆ ಆಗಬೇಕು. ನಿನ್ನಮ್ಮ ಓಪಲ್ ಅತ್ತಿಗೆ ಪ್ರತಿ ಚಳಿಗಾಲ ತನ್ನ ನೀಲಿ ಪಟ್ಟೆಯ ದಿಂಬಿನ ಚೀಲವನ್ನು ಹಲ್ಲುಹಲ್ಲು ಅಂಚಿನ ಕತ್ತರಿಯಿಂದ ಕತ್ತರಿಸಿ ನಿನ್ನಪ್ಪನಿಗೆ ಡಬ್ಬಿ ತುಂಬಾ ಕೊಡುತ್ತಿದ್ದಳು. ಅದಕ್ಕೆ ಜಿಂಕೆಯ ಕೊಬ್ಬು ಸವರು. ಬಟ್ಟೆ ಬಿಗಿಯಾಗಿರಬೇಕು, ಆದರೆ ಗುದ್ದಾಡಿ ಇಳಿಸುವಷ್ಟು ಅಲ್ಲ. ಮದ್ದು ಎಪ್ಪತ್ತು ಅಳತೆ ಸಾಕು. ಹೊಸಬರು ಹೆಚ್ಚು ಮದ್ದು ಹಾಕಿದರೆ ಹೆಚ್ಚು ಬೇಟೆ ಅಂದುಕೊಳ್ಳುತ್ತಾರೆ. ಹೆಚ್ಚುವುದು ಹೊಗೆ ಮಾತ್ರ.

ಕೋಲಿನ ಗೆರೆಗೆಲ್ಲ ತಲೆ ಕೆಡಿಸಿಕೊಳ್ಳಬೇಡ. ಅವು ನಿನ್ನಪ್ಪನ ಗುರುತು, ಬೇರೆ ಮದ್ದಿನ ಕಾಲದ್ದು. ನಿನ್ನ ಗುರುತನ್ನು ನೀನೇ ಹಾಕಿಕೊಳ್ಳುವೆಯಂತೆ.

ಒಂದು ಮಾತು ಮಾತ್ರ ನಡೆಸಿಕೊಡು. ಆ ಕೋವಿಯೊಳಗೆ ಏನನ್ನಾದರೂ ಹಾಕುವ ಮೊದಲು ಅದನ್ನು ಕವಲುದಾರಿಯ ಲೈಲ್‌ನ ಕೈಗೆ ಕೊಟ್ಟು ಬಾ. ಅವನ ಹಾಗೆ ಕೋವಿ ಬಿಚ್ಚಿ ಸರಿಮಾಡುವವರು ಆ ಜಿಲ್ಲೆಯಲ್ಲೇ ಇಲ್ಲ. ಎಮರಿ ಕಳಿಸಿದ, ಒಳಗೆಲ್ಲ ನೋಡಬೇಕಂತೆ ಎಂದು ಹೇಳು, ಅಷ್ಟೇ ಸಾಕು. ಅವನು ನೋಡುವ ತನಕ ನೀನು ಏನೂ ಹಾಕಬೇಡ. ಮರೆಯಬೇಡ.

ಎಮರಿ ಚಿಕ್ಕಪ್ಪ


ಹಾಲಿಸ್ ಮಿಲ್ಸ್
ಅಕ್ಟೋಬರ್ 3, 2004

ಪ್ರೀತಿಯ ಚಿಕ್ಕಪ್ಪ,

ಲೈಲ್ ತೀರಿಕೊಂಡು ಮೂರು ವರ್ಷವಾಯಿತು! ನಿನಗೆ ಯಾರೂ ತಿಳಿಸಲಿಲ್ಲವೆ? ಅವನ ಅಂಗಡಿ ಈಗ ಹೆಂಗಸರ ಕ್ಷೌರದಂಗಡಿ. ಅವನು ನಳಿಗೆ ಉಜ್ಜುತ್ತಿದ್ದ ಜಾಗದಲ್ಲಿ ಕೂದಲು ಒಣಗಿಸುವ ಟೋಪಿಗಳು ಸಾಲಾಗಿ ನೇತಾಡುತ್ತಿವೆ. ಕೋವಿ ಹಿಡಿದುಕೊಂಡು ಒಳಗೆ ಹೋಗಿದ್ದರೆ ನನಗೂ ಒಂದು ಗುಂಗುರು ಮಾಡಿ ಕಳಿಸುತ್ತಿದ್ದರು.

ಪರವಾಗಿಲ್ಲ, ನಾನೇ ನೋಡಿಕೊಳ್ಳುತ್ತೇನೆ. ಎಣ್ಣೆ ಬಟ್ಟೆಯನ್ನು ಕೋಲಿಗೆ ಸಿಕ್ಕಿಸಿ ಒಳಗೆ ಆಡಿಸಿದೆ, ಸ್ವಲ್ಪ ಕಂದು ತುಕ್ಕು ಬಂತು. ಮರಕ್ಕೆ ಅಗಸೆ ಎಣ್ಣೆ ಹಾಕಿ ತಿಕ್ಕಿದ್ದೇನೆ. ಅಪ್ಪನ ಕೆನ್ನೆ ತಾಗುತ್ತಿದ್ದ ಕಡೆ ಮರ ಎಷ್ಟು ನುಣುಪಾಗಿದೆ ಗೊತ್ತಾ? ಅಲ್ಲಿ ಕೈಯಿಟ್ಟುಕೊಂಡು ಸುಮ್ಮನೆ ಕೂತಿದ್ದೆ.

ಆದರೆ ದುಂಡು ಗುಂಡಿನ ವಿಷಯದಲ್ಲಿ ನನ್ನ ಮನಸ್ಸು ಒಪ್ಪುತ್ತಿಲ್ಲ. ಅದು ಅಷ್ಟು ಒಳ್ಳೆಯದಾಗಿದ್ದರೆ ಅಪ್ಪ ಹೊಡೆದ ಜಿಂಕೆ ಯಾಕೆ ಬೀಳಲಿಲ್ಲ? ಅಪ್ಪ ಗುರಿ ತಪ್ಪುವವನಲ್ಲ. ಅಂದರೆ ಗುಂಡೇ ಸಾಲದೆ ಹೋಯಿತು. ನೀನು ಹತ್ತಿರದಲ್ಲೇ ಇದ್ದೆಯಲ್ಲ, ಎಲ್ಲಿ ತಾಗಿತು? ಎಷ್ಟು ದೂರದಲ್ಲಿತ್ತು? ರಕ್ತ ಬಿದ್ದಿತ್ತೆ? ನಿನಗೆ ನೆನಪಿರುವುದನ್ನೆಲ್ಲ ಬರೆ. ನನಗೆ ಆ ಬಂಡೆಯ ಮೇಲೆ ಕೂತಾಗ ಯಾವ ಕಡೆ ನೋಡಬೇಕು ಎಂದಾದರೂ ಗೊತ್ತಾಗಲಿ.

ನಿನ್ನ,
ಮಾರ್ಲಾ


ಡ್ರೈ ವೆಲ್ಸ್
ಅಕ್ಟೋಬರ್ 11, 2004

ಮಾರ್ಲಾ,

ಲೈಲ್ ಹೋದ ಸುದ್ದಿ ತಿಳಿದು ಮನಸ್ಸು ಸರಿಯಿಲ್ಲ.

ಆ ಕೋವಿ ನಿನಗೆ ಬೇಡ. ಬಹಳ ಹಳೆಯದಾಯಿತು. ಅದನ್ನು ಹಾಗೆಯೇ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟು ನನಗೆ ಕಳಿಸಿಬಿಡು. ಅದಕ್ಕಿಂತ ಒಳ್ಳೆಯದು ನನ್ನದೊಂದಿದೆ, ಇಲ್ಲಿಂದ ಕಳಿಸುತ್ತೇನೆ. ಅದು ನಿನ್ನದೇ ಅಂದುಕೋ. ಕಾಲ ಶುರುವಾಗುವುದರೊಳಗೆ ಬಂದು ತಲುಪುತ್ತದೆ.

ಆ ದಿನದ ವಿಷಯ ಎಷ್ಟು ಸಲ ಹೇಳಿದ್ದೇನೆ. ವಯಸ್ಸಾಯಿತು, ಎಲ್ಲ ನೆನಪಿಲ್ಲ. ಕೋವಿಯನ್ನು ಬೇಗ ಕಳಿಸು.

ಎಮರಿ


ಹಾಲಿಸ್ ಮಿಲ್ಸ್
ಅಕ್ಟೋಬರ್ 24, 2004

ಎಮರಿ ಚಿಕ್ಕಪ್ಪನವರಿಗೆ,

ನಿಮ್ಮ ಕಾಗದವನ್ನು ಅಮ್ಮನಿಗೆ ಓದಿ ಹೇಳಿದೆ. ಅವಳು ಆಲೂಗಡ್ಡೆ ಸುಲಿಯುತ್ತಿದ್ದವಳು ಚಾಕು ಕೆಳಗಿಟ್ಟಳು. "ಅಂತೂ ಬಾಯಿಬಿಟ್ಟ ನೋಡು. ನಿಮ್ಮ ತಾತ ಆ ಕೋವೀನ ನಿಮ್ಮಪ್ಪಂಗೆ ಕೊಟ್ಟ ದಿನದಿಂದ ಇವನ ಕಣ್ಣು ಅದ್ರ ಮೇಲೇ ಇತ್ತು. ಅಣ್ಣನ್ನ ಮಣ್ಣು ಮಾಡಿದೋನು ವಸಂತ ಬರೋದ್ರೊಳಗೆ ಊರು ಬಿಟ್ಟ. ಹನ್ನೊಂದು ವರ್ಷ ನಮ್ಮನ್ನ ಏನು ಎತ್ತ ಅಂತ ಕೇಳ್ಲಿಲ್ಲ. ಈಗ ಕೋವಿ ಬೇಕಂತೆ" ಎಂದಳು.

ನಾನು ನಿಮ್ಮ ಪರ ಮಾತಾಡಲು ನೋಡಿದೆ, ಆಗಲಿಲ್ಲ. ಯಾಕೆಂದರೆ ನಾನು ಕೇಳಿದ್ದು ನನ್ನ ಅಪ್ಪನ ಕೊನೆಯ ದಿನದ ಬಗ್ಗೆ. ನೀವು ಬರೆದದ್ದು ಕೋವಿ ಕಳಿಸು ಎಂದು. ನೆನಪಿಲ್ಲ ಎಂದು ಬೇರೆ ಹೇಳಿದಿರಿ. ಅವನು ಸಾಯುವುದನ್ನು ನೋಡಿದವರು ಈ ಭೂಮಿಯ ಮೇಲೆ ನೀವೊಬ್ಬರೇ. ಅದನ್ನೂ ಮರೆತಿರಾದರೆ ನಾನಿನ್ನು ಯಾರನ್ನು ಕೇಳಲಿ?

ಕೋವಿ ಎಲ್ಲಿಗೂ ಬರುವುದಿಲ್ಲ.

ಮಾರ್ಲಾ


ಡ್ರೈ ವೆಲ್ಸ್
ನವೆಂಬರ್ 24, 2004

ಪುಟ್ಟೀ,

ಒಂದು ತಿಂಗಳಿಂದ ದಿನಾ ನಿನಗೆ ಬರೆಯಲು ಕೂರುತ್ತೇನೆ, ಹರಿದು ಹಾಕುತ್ತೇನೆ. ನನಗೆ ಕೋವಿ ಬೇಡ. ಓಪಲ್ ಅತ್ತಿಗೆಗೂ ಹಾಗೆಂದು ಹೇಳು.

ಡಿಸೆಂಬರ್ ಹನ್ನೆರಡಕ್ಕೆ ನಾನೇ ಅಲ್ಲಿರುತ್ತೇನೆ. ಬಸ್ಸಿಗೆ ಹೇಳಿಟ್ಟಿದ್ದೇನೆ, ಮೂರು ದಿನದ ದಾರಿ. ಮೊದಲ ಈಡನ್ನು ನಾನು ನಿನ್ನ ಪಕ್ಕ ನಿಂತು ತುಂಬಿಸಿಕೊಡುತ್ತೇನೆ. ಅಲ್ಲಿಯವರೆಗೆ ಕೋವಿ ಗೋಡೆಯ ಮೇಲಿರಲಿ.

ಈ ಡಬ್ಬಿಯಲ್ಲಿ ಆರು ಚಕಮಕಿ ಕಲ್ಲುಗಳಿವೆ, ನಾನೇ ಕೂತು ಒಡೆದು ಅಂಚು ಕೂರಿಸಿದ್ದು. ನಿನ್ನಪ್ಪ ನನ್ನ ಕೈಯ ಕಲ್ಲನ್ನಲ್ಲದೆ ಬೇರೆಯದನ್ನು ಹಾಕುತ್ತಿರಲಿಲ್ಲ. ನಾನು ಬರುವ ತನಕ ಜೇಬಿನಲ್ಲಿಟ್ಟುಕೋ, ಬಂದು ಕೂರಿಸಿಕೊಡುತ್ತೇನೆ. ಬರಿಗೈಯಲ್ಲಿ ಕಾಗದ ಹಾಕಲು ಮನಸ್ಸು ಬರಲಿಲ್ಲ, ಅದಕ್ಕೇ ಕಳಿಸಿದೆ.

ಎಮರಿ ಚಿಕ್ಕಪ್ಪ


ಹಾಲಿಸ್ ಮಿಲ್ಸ್
ನವೆಂಬರ್ 28, 2004

ಪ್ರೀತಿಯ ಚಿಕ್ಕಪ್ಪ,

ನನ್ನ ಸಿಟ್ಟು ಆರಿದೆ. ನೀನೂ ಬರೆಯಲಿಲ್ಲ, ನಾನೂ ಬರೆಯಲಿಲ್ಲ, ಹೀಗೇ ಇದ್ದರೆ ನಾವಿಬ್ಬರೂ ಒಂದೇ ರಕ್ತ ಎಂದು ಊರಿಗೆ ಗೊತ್ತಾಗುವುದೊಂದೇ ಲಾಭ. ನಾಳೆಯಿಂದ ಹೊಸ ಕಾಲದ ದೊಡ್ಡ ಕೋವಿಯವರ ಬೇಟೆಯ ಕಾಲ. ಶಾಲೆಗೂ ರಜೆ ಕೊಟ್ಟಿದ್ದಾರೆ, ಊರ ತುಂಬಾ ಕಿತ್ತಳೆ ಟೋಪಿಗಳು. ನಾನೂ ಸುಮ್ಮನಿರಲಾಗದೆ ಇವತ್ತು ಮೊದಲ ಈಡು ತುಂಬಿದೆ!

ನೀನು ಬೈದರೂ ಸರಿ, ಉದ್ದ ಗುಂಡನ್ನೇ ತಂದಿದ್ದೇನೆ. ಪಟ್ಟಣದ ಅಂಗಡಿಯಲ್ಲಿ ಪೊದೆಮೀಸೆಯವನೊಬ್ಬನಿದ್ದ. ದುಂಡು ಗುಂಡು ಎಂದ ಕೂಡಲೇ ಅವನು, "ಅಮ್ಮಾ, ಅದನ್ನ ತಗೊಂಡ್ರೆ ಮಧ್ಯಾಹ್ನ ಹೊಡೆದಿದ್ದನ್ನ ಸಾಯಂಕಾಲದ ತನಕ ಹುಡುಕ್ತಾ ಇರ್ಬೇಕಾಗತ್ತೆ. ಇದು ತಾಗಿದ್ರೆ ನಿಂತಲ್ಲೇ ಬೀಳತ್ತೆ" ಎಂದ. ನನಗೆ ಅಪ್ಪನ ಜಿಂಕೆಯೇ ಕಣ್ಣ ಮುಂದೆ ಬಂತು. ಆ ಲಾರೆಲ್ ಪೊದೆಯಲ್ಲಿ ಅದು ಎಷ್ಟು ಹೊತ್ತು ನರಳಿತೋ. ನಾನು ಹಾಗೆ ಮಾಡಲಾರೆ. ಎರಡು ಡಬ್ಬಿ ಕೊಂಡೆ.

ಮದ್ದು ಎಂಬತ್ತು ಅಳತೆ ಹಾಕಿ, ಗುಂಡನ್ನು ಕೋಲಿನಿಂದ ದೂಡಿದೆ. ಗಟ್ಟಿಯಾಗಿ ಕೂತಿತು. ಆದರೆ ಅಪ್ಪನ ಕೆಳಗಿನ ಗೆರೆ ನಳಿಗೆಯ ಬಾಯಿಂದ ನಾಲ್ಕು ಬೆರಳು ಮೇಲೇ ನಿಂತಿತು. ಒಂದು ಗಳಿಗೆ ಹೆದರಿಕೆಯಾಯಿತು. ಆಮೇಲೆ ಮೀಸೆಯವನು ಹೇಳಿದ್ದು ನೆನಪಾಯಿತು, ಉದ್ದ ಗುಂಡು ಜಾಗ ಹೆಚ್ಚು ತಿನ್ನುತ್ತದೆ, ಹಳೆಯ ಗುರುತುಗಳು ಅದಕ್ಕೆ ಹೊಂದುವುದಿಲ್ಲ ಎಂದು. ನೀನೂ ಅದನ್ನೇ ಹೇಳಿದ್ದೆ, ನಿನ್ನ ಗುರುತನ್ನು ನೀನೇ ಹಾಕಿಕೋ ಎಂದು. ಅಪ್ಪನ ಎರಡು ಗೆರೆಗಳ ಕೆಳಗೆ ನನ್ನದೊಂದು ಗೆರೆ ಕೊರೆದೆ. ಕೊರೆಯುವಾಗ ಅಳು ಬಂತು, ಸಂತೋಷಕ್ಕೆ.

ಅಂಗಳದ ಸೇಬಿನ ಮರಕ್ಕೆ ಕಾಗದದ ತಟ್ಟೆ ಸಿಕ್ಕಿಸಿ ಗುರಿ ಹಿಡಿದೆ. ಕಲ್ಲು ಬಡಿಯಿತು, ಕಿಡಿಯೇ ಇಲ್ಲ. ಹತ್ತು ಸಲ ಹೊಡೆದರೂ ಇಲ್ಲ. ಅಂಚೆಲ್ಲ ಸವೆದುಹೋಗಿದೆ. ಅಂಗಡಿಯಲ್ಲೂ ಕಲ್ಲು ಮುಗಿದಿದೆಯಂತೆ. ಈಡು ಒಳಗೇ ಇದೆ, ಕೋವಿಯನ್ನು ಕೊಟ್ಟಿಗೆಯಲ್ಲಿ ಇಟ್ಟು ಬೀಗ ಹಾಕಿದ್ದೇನೆ. ನಿನ್ನ ಹತ್ತಿರ ಕಲ್ಲು ಇದ್ದರೆ ಒಂದೆರಡು ಕಳಿಸುತ್ತೀಯಾ? ನೀನೇ ಒಡೆದು ಮಾಡುತ್ತಿದ್ದೆ ಎಂದು ಅಮ್ಮ ಹೇಳಿದಳು. ಸಿಟ್ಟಿನಲ್ಲೇ ಹೇಳಿದಳು, ಆದರೂ ಹೇಳಿದಳು.

ನಿನ್ನ,
ಮಾರ್ಲಾ


ಡ್ರೈ ವೆಲ್ಸ್
ಡಿಸೆಂಬರ್ 3, 2004, ಶುಕ್ರವಾರ

ಮಾರ್ಲಾ, ಆ ಕೋವಿಯನ್ನು ಹಾರಿಸಬೇಡ. ನನ್ನ ಕಲ್ಲು ತಲುಪಿದ್ದರೆ ಬಾವಿಗೆ ಎಸೆ. ಮೊದಲು ಇಷ್ಟು ಮಾಡಿ ಆಮೇಲೆ ಮುಂದಕ್ಕೆ ಓದು.

ಆ ನಳಿಗೆಯಲ್ಲಿ ಎರಡು ಈಡುಗಳಿವೆ. ಕೆಳಗೆ ನಿನ್ನಪ್ಪನದು, ಅದರ ಮೇಲೆ ನಿನ್ನದು. ಕಿಡಿ ತಾಗಿದರೆ ನಳಿಗೆಯೇ ಒಡೆಯುತ್ತದೆ. ಮೇಲಿನ ಗೆರೆ ಖಾಲಿ ನಳಿಗೆಯ ಗುರುತು. ಕೆಳಗಿನದು ತುಂಬಿದ ನಳಿಗೆಯ ಗುರುತು. ಚಕಮಕಿ ಕೋವಿ ಹಿಡಿಯುವ ಯಾರೇ ಆಗಲಿ, ಹೊಸಬರಿಗೆ ಮೊದಲು ಕಲಿಸುವುದು ಇದೊಂದನ್ನೇ. ಕೋಲು ಬಿಟ್ಟು ನೋಡು, ಒಳಗೇನಾದರೂ ಇದೆಯಾ ಎಂದು. ಬಟ್ಟೆ, ಕೊಬ್ಬು, ಅಳತೆ ಎಂದು ಪುಟ ತುಂಬಾ ಬರೆದ ನಾನು ಅದೊಂದನ್ನು ಬಿಟ್ಟೆ. ಕೋಲು ಕೆಳಗಿನ ಗೆರೆಗೆ ನಿಲ್ಲುತ್ತದೆ ಎಂದು ನಿನ್ನ ಮೊದಲ ಕಾಗದದಲ್ಲೇ ನೀನು ಬರೆದಿದ್ದೆ. ನನಗೆ ಆಗಲೇ ಗೊತ್ತಾಯಿತು. ಅದಕ್ಕೂ ಮೊದಲೂ ಗೊತ್ತಿತ್ತು.

ನಿನ್ನಪ್ಪ ಆ ದಿನ ಈಡು ಹೊಡೆಯಲೇ ಇಲ್ಲ. ಜಿಂಕೆಯೂ ಇರಲಿಲ್ಲ. ನಾನೂ ಇರಲಿಲ್ಲ.

ಬೆಳಿಗ್ಗೆ ಅವನು ಬಂಡೆಯ ಮೇಲೆ ಕೂತ. ನಾನು ಸುತ್ತು ಹಾಕಿ ಕಣಿವೆಯ ಕೆಳಗಿನಿಂದ ಹಳು ತಟ್ಟಿಕೊಂಡು ಜಿಂಕೆಗಳನ್ನು ಅವನ ಕಡೆ ಅಟ್ಟಬೇಕಿತ್ತು. "ನಿಧಾನಕ್ಕೆ ಬಾರೋ. ನಾನೇನು ಎಲ್ಲೂ ಹೋಗಲ್ಲ, ಇಲ್ಲೇ ಕೂತಿರ್ತೀನಿ" ಎಂದ. ಅವನು ನನಗೆ ಹೇಳಿದ ಕೊನೆಯ ಮಾತು ಅದು. ಚಳಿ ಮೂಳೆ ಕೊರೆಯುತ್ತಿತ್ತು. ಸೇತುವೆಯ ಪಕ್ಕದ ಬಾರಿನಲ್ಲಿ ಒಂದು ಗುಟುಕು ಹಾಕಿ ಹೋಗೋಣವೆಂದು ಹೊಕ್ಕೆ. ಒಂದು ಎರಡಾಯಿತು. ಉಪ್ಪಿನಲ್ಲಿಟ್ಟ ಮೊಟ್ಟೆ ತಿಂದುಕೊಂಡು, ಇಸ್ಪೀಟು ನೋಡಿಕೊಂಡು, ಮೂರು ಗಂಟೆಯವರೆಗೆ ಕೂತಿದ್ದೆ. ಅವನು ಏಳು ಗಂಟೆ ಹೊತ್ತು ಆ ಕಲ್ಲಿನ ಮೇಲೆ ನನ್ನನ್ನು ಕಾದ. ಹೇಳಿದ ಜಾಗ ಬಿಟ್ಟು ಏಳುವವನಲ್ಲ ನನ್ನಣ್ಣ. ನಾನು ಹೋದಾಗ ಕೂತಲ್ಲೇ ಜೀವ ಹೋಗಿ ತಣ್ಣಗಾಗಿದ್ದ. ಕೋವಿ ತೊಡೆಯ ಮೇಲಿತ್ತು, ಕಿಡಿ ಬೀಳುವ ಬಟ್ಟಲಿನ ಮೇಲೆ ಹಿಮ ಬೀಳದಂತೆ ಚರ್ಮ ಮುಚ್ಚಿದ್ದ. ಜೇಬಿನಲ್ಲಿ ಓಪಲ್ ಅತ್ತಿಗೆ ಕಟ್ಟಿಕೊಟ್ಟ ಬ್ರೆಡ್ಡಿನಲ್ಲಿ ತನ್ನ ಪಾಲು ತಿಂದು ನನ್ನ ಪಾಲು ಹಾಗೇ ಉಳಿಸಿದ್ದ.

ಅತ್ತಿಗೆ ಅಂಗಳದಲ್ಲಿ ನಿಂತು ಅಳಲಿಲ್ಲ. ಒಂದೇ ಒಂದು ಕೇಳಿದಳು. "ಒಂದು ಈಡಾದ್ರೂ ಹೊಡೆದ್ರಾ ಅವ್ರು?"

ಹ್ಞೂಂ ಎಂದೆ. ಮುಂದಿನದೆಲ್ಲ ಆ ಹ್ಞೂಂನಿಂದ ಹುಟ್ಟಿತು. ಜಿಂಕೆ ಹುಟ್ಟಿತು, ಅದಕ್ಕೆ ಕವಲು ಹುಟ್ಟಿದವು, ಪೊದೆ ಹುಟ್ಟಿತು. ಆ ಬಟ್ಟಲಿನ ಮದ್ದನ್ನು ಮಾತ್ರ ಊದಿಬಿಟ್ಟು ಕೋವಿಯನ್ನು ಗೋಡೆಗೆ ತೂಗುಹಾಕಿದೆ. ಒಳಗಿನದು ಒಳಗೇ ಉಳಿಯಿತು. ಆಮೇಲೆ ಅದನ್ನು ಯಾರಿಗೂ ಕಾಣದಂತೆ ತೆಗೆದುಬಿಡೋಣವೆಂದರೆ ಅತ್ತಿಗೆ ಮುಟ್ಟಲು ಬಿಡಲಿಲ್ಲ. ದಿನಾ ಅದರ ಕೆಳಗೆ ಕೂತು ಊಟ ಮಾಡುವುದು ನನ್ನಿಂದಾಗದೆ ಊರು ಬಿಟ್ಟೆ. ಲೈಲ್ ಆಗಿದ್ದರೆ ಗುಟ್ಟಾಗಿ ಆ ಈಡು ತೆಗೆದು ಬಾಯಿ ಮುಚ್ಚಿಕೊಂಡಿರುತ್ತಿದ್ದ. ಅವನೂ ಸತ್ತ. ಆಗಲಾದರೂ ನಿನಗೆ ಹೇಳಬೇಕಿತ್ತು. ಕೋವಿ ಕಳಿಸು ಎಂದೆ.

ನಿನ್ನ ಕಾಗದ ಇವತ್ತು ಹನ್ನೊಂದಕ್ಕೆ ಬಂತು. ಓಡಿಹೋಗಿ ಕನ್ಸುಯೆಲೊಳ ಕೈಯಲ್ಲಿ ನಿಮ್ಮ ಮನೆಗೆ ಫೋನು ಮಾಡಿಸಿದೆ. ಅತ್ತಿಗೆ ಎತ್ತಿದಳಂತೆ. ಎಮರಿಯ ಕಾಗದ ತಲುಪುವ ತನಕ ಮಾರ್ಲಾ ಆ ಕೋವಿ ಹಾರಿಸಬಾರದಂತೆ ಎಂದು ಇವಳು ಹೇಳಿದಳು. ಯಾಕೆ ಎಂದು ಅತ್ತಿಗೆ ಕೇಳಿದಳಂತೆ. ಯಾಕೆ ಎಂದು ಹೇಳಬೇಡ ಎಂದು ನಾನೇ ಇವಳಿಗೆ ಹೇಳಿದ್ದೆ. ಈಗಲೂ, ಇಷ್ಟಾದಮೇಲೂ, ನನ್ನ ಮಾನದ ಚಿಂತೆಯೇ ನನಗೆ. ಅತ್ತಿಗೆ ಫೋನು ಇಟ್ಟಳಂತೆ. ಮತ್ತೆ ಮಾಡಿಸಿದರೆ ಎತ್ತಲಿಲ್ಲ.

ಇದನ್ನು ಅತ್ಯಂತ ಬೇಗ ಹೋಗುವ ಅಂಚೆಯಲ್ಲಿ ಹಾಕುತ್ತಿದ್ದೇನೆ. ಅಲ್ಲಿ ಹಿಮ ಬಿದ್ದು ದಾರಿ ಕಟ್ಟಿದರೆ ತಡವಾಗಬಹುದು ಎಂದು ಅಂಚೆಯವಳು ಬರೆದು ತೋರಿಸಿದಳು. ಪುಟ್ಟೀ, ಹಾರಿಸಬೇಡ.

ಎಮರಿ


ಡ್ರೈ ವೆಲ್ಸ್
ಡಿಸೆಂಬರ್ 15, 2004

ಮಾರ್ಲಾ,

ನಿನ್ನಿಂದ ಒಂದು ಸಾಲೂ ಇಲ್ಲ. ಬಸ್ಸಿನ ದಿನ ದಾಟಿಹೋಯಿತು, ನಾನು ಹತ್ತಲಿಲ್ಲ. ನಿಲ್ದಾಣದವರೆಗೆ ಹೋಗಿ ಬಂದೆ. ನಿಮ್ಮ ಅಂಗಳಕ್ಕೆ ಬಂದು ಏನನ್ನು ನೋಡಬೇಕಾಗುತ್ತದೋ ಎಂಬ ಹೆದರಿಕೆ.

ಸಿಟ್ಟಿನಿಂದ ಬರೆಯದೆ ಇದ್ದರೆ ಇನ್ನು ಜೀವಮಾನವಿಡೀ ಬರೆಯಬೇಡ, ಸಂತೋಷ. ಖಾಲಿ ಕಾಗದವನ್ನಾದರೂ ಲಕೋಟೆಯಲ್ಲಿ ಹಾಕಿ ಕಳಿಸು. ವಿಳಾಸ ನಿನ್ನ ಕೈಬರಹದಲ್ಲಿರಲಿ.

ಎಮರಿ


ಹಾಲಿಸ್ ಮಿಲ್ಸ್
ಜನವರಿ 9, 2005

ಎಮರಿ ಚಿಕ್ಕಪ್ಪನವರಿಗೆ,

ವಿಳಾಸ ನನ್ನ ಕೈಬರಹದಲ್ಲೇ ಇದೆ. ಬಲಗೈಗೆ ಏನೂ ಆಗಿಲ್ಲ.

ನಿಮ್ಮ ಕಲ್ಲುಗಳು ಡಿಸೆಂಬರ್ ಎರಡನೆಯ ತಾರೀಖು ಬಂದವು. ಜೊತೆಗಿದ್ದ ಚೀಟಿ ಓದಿ ಅಮ್ಮ, ಅಂತೂ ಕೋವಿ ಒಯ್ಯಲು ತಾನೇ ಹೊರಟ ಎಂದಳು. ನಾನೂ ಹಾಗೇ ತಿಳಿದೆ. ನೀವು ಬಂದಾಗ ಈಡು ಹೊಡೆದು ತೋರಿಸಬೇಕು, ಆಗ ಕೇಳಲು ನಿಮಗೆ ಬಾಯಿ ಬರುವುದಿಲ್ಲ ಎಂದುಕೊಂಡೆ. ಶುಕ್ರವಾರದ ಫೋನಿನ ವಿಷಯ ಅಮ್ಮ ನನಗೆ ಹೇಳಿದ್ದು ಆಸ್ಪತ್ರೆಯಲ್ಲಿ. ಯಾಕೆ ಎಂದು ಕೇಳಿದರೆ ಆ ಹೆಂಗಸು ಸುಮ್ಮನಾದಳಂತೆ. ಕಾರಣ ಇಲ್ಲದ ಮಾತನ್ನು ಮಗಳಿಗೇಕೆ ಹೇಳಲಿ ಎಂದು ಬಿಟ್ಟಳಂತೆ. ಹೇಳುವಾಗ ನನ್ನ ಮುಖ ನೋಡಲಿಲ್ಲ.

ಶನಿವಾರ ಬೆಳಿಗ್ಗೆ ಹಾರಿಸಿದೆ. ನಿಮ್ಮ ಕಲ್ಲು ಬಹಳ ಒಳ್ಳೆಯದು, ಮೊದಲ ಬಡಿತಕ್ಕೇ ಕಿಡಿ ಬಂತು. ನಳಿಗೆ ನಾನು ಎಡಗೈಯಲ್ಲಿ ಹಿಡಿದಿದ್ದ ಕಡೆ ಸೀಳಿತು. ಆ ಕೈಯಲ್ಲಿ ಹೆಬ್ಬೆರಳು, ಕಿರುಬೆರಳು ಉಳಿದಿವೆ. ಎಡಗಣ್ಣಿಗೆ ಬೆಳಕು ಗೊತ್ತಾಗುತ್ತದೆ, ಆಕಾರ ಗೊತ್ತಾಗುವುದಿಲ್ಲ. ಗರಿ ಕಟ್ಟುವ ಸಾಮಾನನ್ನೆಲ್ಲ ಪೆಟ್ಟಿಗೆಗೆ ತುಂಬಿಟ್ಟಿದ್ದೇನೆ. ಎರಡು ಬೆರಳಿನಲ್ಲಿ ದಾರ ಹಿಡಿಯಲು ನೋಡಿದೆ, ಆಗುವುದಿಲ್ಲ. ಇನ್ನು ಏನು ಮಾಡಿಕೊಂಡಿರಬೇಕು ಎಂದು ಗೊತ್ತಿಲ್ಲ.

ನಿಮ್ಮ ದೊಡ್ಡ ಕಾಗದ ಎಂಟನೆಯ ತಾರೀಖು ಬಂದಿತ್ತಂತೆ. ನಾನು ಮನೆಗೆ ಬಂದ ದಿನ ಓದಿದೆ. ಓದಿ ಒಲೆಗೆ ಹಾಕಿದೆ. ಎಮರಿ ಏನು ಬರೆದಿದ್ದಾನೆ ಎಂದು ಅಮ್ಮ ಕೇಳಿದಳು. ಬರುವುದಕ್ಕೆ ಆಗುವುದಿಲ್ಲವಂತೆ ಎಂದೆ. ಅವಳು ಮತ್ತೆ ಕೇಳಲಿಲ್ಲ. ನನಗೆ ಆಗ ಅದು ವಿಚಿತ್ರ ಅನಿಸಲಿಲ್ಲ.

ಮೊನ್ನೆ ಬ್ಯಾಂಡೇಜಿಗೆ ಪಿನ್ನು ಬೇಕಾಗಿ ಅವಳ ಹೊಲಿಗೆ ಡಬ್ಬಿ ತೆರೆದೆ. ಗುಂಡಿಗಳ ಕೆಳಗೆ ಒಂದು ಬಟ್ಟೆಯ ತುಂಡು ಮಡಿಸಿಟ್ಟಿತ್ತು. ನೀಲಿ ಪಟ್ಟೆ, ಹಲ್ಲುಹಲ್ಲು ಅಂಚು, ನಡುವೆ ಸುಟ್ಟು ಕಪ್ಪಾಗಿತ್ತು. ನನ್ನ ಉದ್ದ ಗುಂಡಿಗೆ ಬಟ್ಟೆಯೇ ಇರಲಿಲ್ಲ. ನನ್ನನ್ನು ಆಂಬುಲೆನ್ಸಿನಲ್ಲಿ ಒಯ್ದ ಮೇಲೆ ಅವಳೊಬ್ಬಳೇ ಅಂಗಳದ ಹಿಮ ಗುಡಿಸಿದಳಂತೆ, ಪಕ್ಕದವರು ಹೇಳಿದರು. ಅಲ್ಲಿ ಅದು ಬಿದ್ದಿರಬೇಕು. ತಾನೇ ಕತ್ತರಿಸಿ, ಗಂಡನ ಡಬ್ಬಿಗೆ ಹಾಕಿ ಕಳಿಸಿದ ತುಂಡು ಅವಳಿಗೆ ಗುರುತು ಸಿಗದೆ ಇರುತ್ತದೆಯೆ? ಅಂದರೆ ನಾನು ನಿಮ್ಮ ಕಾಗದ ಓದುವ ನಾಲ್ಕೈದು ದಿನ ಮೊದಲೇ, ಅಪ್ಪನ ಈಡು ನಳಿಗೆಯೊಳಗೇ ಉಳಿದಿತ್ತು ಎಂಬುದು ಅಮ್ಮನಿಗೆ ತಿಳಿದಿತ್ತು. ಡಬ್ಬಿ ಮುಚ್ಚಿ ಇದ್ದಲ್ಲೇ ಇಟ್ಟೆ.

ನೋಡಲು ಬಂದವರು ಬೇಯಿಸಿದ್ದೆಲ್ಲ ತಂದುಕೊಡುತ್ತಾರೆ. ಅವರು ಹೇಗಾಯಿತು ಎಂದು ಕೇಳಿದರೆ ನಾನು ಒಂದೇ ಉತ್ತರ ಕೊಡುತ್ತೇನೆ: ಹೊಸಬಳು, ಆ ನಳಿಗೆಗೆ ಹೊಂದದ ಗುಂಡು ಆರಿಸಿದೆ, ಮದ್ದು ಹೆಚ್ಚಾಯಿತು. ಪೊದೆಮೀಸೆಯವನೂ ತಲೆಯಾಡಿಸಿದನಂತೆ, ಹೊಸಬರು ಹಾಗೇ ಎಂದು. ಆಮೇಲೆ ಅಮ್ಮ ಕಾಫಿ ಬಗ್ಗಿಸುತ್ತಾ ಖಾಲಿ ಗೋಡೆ ತೋರಿಸಿ ಕಥೆ ಶುರು ಮಾಡುತ್ತಾಳೆ. ಜಿಂಕೆ ಬರುತ್ತದೆ, ಅಪ್ಪ ಹೊಡೆಯುತ್ತಾನೆ, ನಗುತ್ತಾನೆ. ಮೊದಲೆಲ್ಲ ಆ ಜಾಗಕ್ಕೆ ಬಂದಾಗ ಬಂದವರ ಮುಖ ನೋಡುತ್ತಿದ್ದಳು. ಈಗ ನನ್ನ ಮುಖ ನೋಡುತ್ತಾಳೆ. ನಾನು ಹೌದು ಎಂದು ತಲೆಯಾಡಿಸುತ್ತೇನೆ. ಅವನು ಚಳಿಯಲ್ಲಿ ನಿಮ್ಮ ಪಾಲಿನ ಬ್ರೆಡ್ಡು ಇಟ್ಟುಕೊಂಡು ಕಾದು ಸತ್ತ ಎಂಬುದನ್ನು ಈ ಮನೆಯಲ್ಲಿ ಇಬ್ಬರೂ ಬಾಯಿಬಿಟ್ಟು ಹೇಳಲಾರೆವು.

ಕಾಲ ಶುರುವಾದ ದಿನ ನಾನು ಕಿಟಕಿಯ ಹತ್ತಿರ ಕೂತಿದ್ದೆ. ಕಣಿವೆಯ ಕಡೆಯಿಂದ ಒಂದೆರಡು ಈಡು ಕೇಳಿಸಿತು. ಬೇಲಿಯ ಕಂಬಗಳನ್ನು ಆಗಲೇ ತಂದು ರಾಶಿ ಹಾಕಿದ್ದಾರೆ.

ನೀವು ಇಲ್ಲಿಗೆ ಬರಬೇಡಿ. ಕಾಗದವನ್ನೂ ಹಾಕಬೇಡಿ, ಅಮ್ಮನ ಕೈಗೆ ಸಿಗುತ್ತದೆ. ಊರಿನವರು ಯಾರಾದರೂ ಬರೆದು ಕೇಳಿದರೆ ಮಾರ್ಲಾ ತಪ್ಪು ಗುಂಡು ಆರಿಸಿದಳು ಎಂದೇ ಹೇಳಿ. ಸುಳ್ಳು ಹೇಳುವುದನ್ನು ನಿಮಗೆ ನಾನು ಕಲಿಸಬೇಕಾಗಿಲ್ಲ.

ಮಾರ್ಲಾ